ಹಿಮದಲ್ಲಿ ಫೋರ್ ವೀಲ್ ಡ್ರೈವ್ ಗಾಡಿ ಮುಂದೆ ಹೋಗುತ್ತಿಲ್ಲವೇ? ಮೊದಲು ಇಳಿದು ಚಕ್ರ ನೋಡಿ

ಹಿಮಾಚಲದಲ್ಲಿ ಅಟಲ್ ಸುರಂಗ ದಾಟಿ ಸಿಸ್ಸು ಕಡೆ ಹೋಗುವ ರಸ್ತೆ. ಜನವರಿ ತಿಂಗಳು. ಹಿಂದಿನ ರಾತ್ರಿ ಜೋರಾಗಿ ಹಿಮ ಬಿದ್ದಿತ್ತು. ಬೆಳಿಗ್ಗೆ ಯಂತ್ರ ಬಂದು ರಸ್ತೆಯ ನಡುವೆ ಒಂದು ಗಾಡಿ ಹೋಗುವಷ್ಟು ಜಾಗ ಮಾಡಿಕೊಟ್ಟಿತ್ತು. ಎದುರಿಗೆ ಬಂದ ಲಾರಿಗೆ ದಾರಿ ಬಿಡಲು ನಾನು ಎಡಕ್ಕೆ ಇಳಿಸಿದೆ. ಲಾರಿ ಹೋಯಿತು. ನಮ್ಮ ಗಾಡಿ ವಾಪಸ್ ಹತ್ತಲಿಲ್ಲ.

ಲಿವರ್ 4ಎಚ್‌ನಲ್ಲಿತ್ತು, ಅಂದರೆ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗಬೇಕಿತ್ತು. ಡ್ಯಾಷ್‌ಬೋರ್ಡಿನಲ್ಲಿ ಫೋರ್ ವೀಲ್ ಡ್ರೈವ್ ದೀಪವೂ ಕಾಣುತ್ತಿತ್ತು, ಆದರೆ ಮಿಟುಕುತ್ತಿತ್ತು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆಕ್ಸಿಲರೇಟರ್ ತುಳಿದೆ. ಸಕಲೇಶಪುರದ ತೋಟದ ರಸ್ತೆಗಳಲ್ಲಿ ಮಳೆಗಾಲದ ಕೆಸರಿನಲ್ಲಿ ಗಾಡಿ ಓಡಿಸಿ ಬೆಳೆದವನು ನಾನು. ಅಲ್ಲಿ ಚಕ್ರ ಜೋರಾಗಿ ಸುತ್ತಿದರೆ ಟಯರಿಗೆ ಮೆತ್ತಿಕೊಂಡ ಕೆಸರು ಸಿಡಿದು ಹೋಗುತ್ತದೆ, ಮತ್ತೆ ಹಿಡಿತ ಸಿಗುತ್ತದೆ. ಹಿಮದಲ್ಲಿ ಆಗುವುದು ಬೇರೆ. ಸುತ್ತುವ ಚಕ್ರದ ಬಿಸಿಗೆ ಹಿಮ ಕರಗುತ್ತದೆ, ಮರುಕ್ಷಣವೇ ಗಟ್ಟಿಯಾಗಿ ಕನ್ನಡಿಯಂಥ ಮಂಜುಗಡ್ಡೆಯಾಗುತ್ತದೆ. ಎರಡೇ ನಿಮಿಷದಲ್ಲಿ ಹಿಂದಿನ ಚಕ್ರಗಳು ಅರ್ಧ ಹೂತುಹೋದವು.

ಆಗ ಪಕ್ಕದಲ್ಲಿದ್ದ ಭಾವ ಇಳಿದು ಹೋಗಿ ನೋಡಿದರು. "ಮುಂದಿನ ಚಕ್ರ ಅಲ್ಲಾಡ್ತಾನೇ ಇಲ್ಲ ಕಣೋ" ಎಂದರು. ಆ ಒಂದು ಮಾತಿನಿಂದ ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ತಪ್ಪು ಎಂದು ಗೊತ್ತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಮುಂದಿನ ಅಚ್ಚಿಗೆ ಶಕ್ತಿಯೇ ಹೋಗದಿರುವಾಗ ನಾನು ಹಿಂದಿನ ಚಕ್ರಗಳನ್ನು ಹೂಳುತ್ತಿದ್ದೆ.

ಚಳಿಗಾಲದಲ್ಲಿ ಲಾಹೌಲ್, ಸ್ಪಿತಿ ಕಡೆ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಗಾಡಿ ನಿಂತಿತು ಅಂದರೆ ಕಾಲು ತೆಗೆಯಿರಿ. ಇಳಿಯಿರಿ. ಯಾವ ಚಕ್ರ ಸುತ್ತುತ್ತಿದೆ, ಯಾವುದು ನಿಂತಿದೆ ಎಂದು ನೋಡಿ. ದೋಷ ಎಲ್ಲಿದೆ ಎಂಬುದಕ್ಕೆ ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ.

ಅದಕ್ಕೂ ಮುಂಚೆ: ಸೈಲೆನ್ಸರ್ ಪೈಪ್

ಗಾಡಿ ಹಿಮದಲ್ಲಿ ಹೂತಿದ್ದು ಎಂಜಿನ್ ಓಡುತ್ತಿದ್ದರೆ, ಬೇರೆ ಏನನ್ನೂ ನೋಡುವ ಮುಂಚೆ ಹಿಂದೆ ಹೋಗಿ ಸೈಲೆನ್ಸರ್ ಪೈಪಿನ ಬಾಯಿ ಬಿಡಿಸಿ. ಅದು ಮುಚ್ಚಿದ್ದರೆ ಹೊಗೆ ಗಾಡಿಯ ಕೆಳಗೆ ತುಂಬಿಕೊಂಡು ಒಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹೀಟರ್ ಹಾಕಿಕೊಂಡು ಬೆಚ್ಚಗೆ ಮಲಗಿದವರು ಏಳುವುದೇ ಇಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮಕ್ಕೆ ಸಿಕ್ಕಿಕೊಂಡ ಕಾರುಗಳಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿಮ ಬೀಳುತ್ತಲೇ ಇದ್ದರೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಮತ್ತೆ ಇಳಿದು ಪೈಪ್ ನೋಡಿ. ಎಂಜಿನ್ ಇಡೀ ಹೊತ್ತು ಓಡಿಸಬೇಡಿ. ಒಂದು ಕಿಟಕಿ ಬೆರಳಗಲ ತೆರೆದಿಡಿ.

ಈಗ ಚಕ್ರಗಳಿಗೆ ಬರೋಣ. ಒಬ್ಬರು ಒಳಗೆ ಕೂತು ಗೇರ್ ಹಾಕಿ ಕ್ಲಚ್ ಮೆಲ್ಲಗೆ ಬಿಡಲಿ, ಇನ್ನೊಬ್ಬರು ಪಕ್ಕದಲ್ಲಿ ದೂರ ನಿಂತು ನೋಡಲಿ. ಗಾಡಿಯ ಮುಂದೆ ಅಥವಾ ಹಿಂದೆ ಯಾರೂ ನಿಲ್ಲಬಾರದು. ಇಳಿಜಾರಿದ್ದರೆ ಕೆಳಗಿನ ಬದಿಯಲ್ಲಂತೂ ಬೇಡವೇ ಬೇಡ.

ಹಿಂದಿನ ಚಕ್ರ ಮಾತ್ರ ಸುತ್ತುತ್ತಿದೆ, ಮುಂದಿನವು ಎರಡೂ ನಿಂತಿವೆ

ಇದು ನನಗೆ ಆದದ್ದು. ಫೋರ್ ವೀಲ್ ಡ್ರೈವ್ ಕೂಡಿಕೊಂಡಿಲ್ಲ ಎಂದು ಅರ್ಥ. ನಮ್ಮಲ್ಲಿ ಸಿಗುವ ಥಾರ್, ಜಿಮ್ನಿ, ಹಳೇ ಜಿಪ್ಸಿ ಇವೆಲ್ಲ ಮಾಮೂಲಿಯಾಗಿ ಹಿಂದಿನ ಚಕ್ರಗಳಿಂದ ಓಡುವ ಗಾಡಿಗಳು. ಲಿವರ್ ಎಳೆದಾಗ ಟ್ರಾನ್ಸ್‌ಫರ್ ಕೇಸ್ ಎಂಬ ಗೇರ್ ಪೆಟ್ಟಿಗೆ ಮುಂದಿನ ಅಚ್ಚನ್ನೂ ಸೇರಿಸಿಕೊಳ್ಳುತ್ತದೆ.

ಮೊದಲು ಸುಲಭದ್ದನ್ನು ನೋಡಿ. ಲಿವರ್ ಪೂರ್ತಿ ಕೂತಿದೆಯೇ? ಚಳಿಗೆ ಎಣ್ಣೆ ಗಟ್ಟಿಯಾಗಿ ಲಿವರ್ ಅರ್ಧಕ್ಕೇ ನಿಲ್ಲುವುದುಂಟು. ದೀಪ ಮಿಟುಕುತ್ತಿದ್ದರೆ ಗೇರಿನ ಹಲ್ಲಿಗೆ ಹಲ್ಲು ಕೂತಿಲ್ಲ ಎಂದು ತಿಳಿಯಿರಿ. 2ಎಚ್‌ಗೆ, ಅಂದರೆ ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಸ್ಥಿತಿಗೆ, ವಾಪಸ್ ತನ್ನಿ. ಸ್ಟೀರಿಂಗ್ ನೇರ ಮಾಡಿ. ಒಂದಡಿ ಮುಂದೆ, ಒಂದಡಿ ಹಿಂದೆ ಉರುಳಿಸಲು ಆದರೆ ಉರುಳಿಸಿ. ಮತ್ತೆ 4ಎಚ್ ಹಾಕಿ. 4ಎಲ್ (ನಾಲ್ಕೂ ಚಕ್ರ, ಕಡಿಮೆ ವೇಗ, ಜಾಸ್ತಿ ಬಲ) ಬೇಕಿದ್ದರೆ ಗಾಡಿ ನಿಂತಿರಬೇಕು, ಕ್ಲಚ್ ತುಳಿದಿರಬೇಕು. ಆಟೋಮ್ಯಾಟಿಕ್ ಆದರೆ ನ್ಯೂಟ್ರಲ್‌ನಲ್ಲಿರಬೇಕು. ಅವಸರಕ್ಕೆ ಎಳೆದರೆ ಕರ್ ಅಂತ ಸದ್ದು ಬರುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ.

ಹಳೇ ಗಾಡಿಯಾದರೆ ಮುಂದಿನ ಪ್ರತಿ ಚಕ್ರದ ಮಧ್ಯಭಾಗದಲ್ಲಿ ಕೈಯಿಂದ ತಿರುಗಿಸುವ ಹಬ್ ಇರುತ್ತದೆ. ಅದು ಎರಡೂ ಕಡೆ ಲಾಕ್‌ನಲ್ಲಿರಬೇಕು. ಎಷ್ಟೋ ಜನ ಒಂದು ಕಡೆ ತಿರುಗಿಸಿ ಇನ್ನೊಂದು ಮರೆಯುತ್ತಾರೆ. ಒಂದೇ ಹಬ್ ಲಾಕ್ ಆಗಿದ್ದರೆ ಶಕ್ತಿಯೆಲ್ಲ ಇನ್ನೊಂದು ಬದಿಯ ಶಾಫ್ಟನ್ನು ಖಾಲಿ ತಿರುಗಿಸುವುದರಲ್ಲೇ ಕಳೆದುಹೋಗುತ್ತದೆ.

ಇಷ್ಟೂ ಸರಿ ಇದ್ದರೆ ಬಗ್ಗಿ ಗಾಡಿಯ ಕೆಳಗೆ ನೋಡಬೇಕು. ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಅಚ್ಚಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಸುತ್ತುತ್ತಿದೆಯೇ? ಸುತ್ತುವಾಗ ದೂರದಿಂದ, ಟಾರ್ಚ್ ಹಾಕಿ ನೋಡಿ. ಕೈ ಹಾಕಬೇಡಿ. ಶಾಫ್ಟ್ ನಿಂತಿದ್ದರೆ ತೊಂದರೆ ಟ್ರಾನ್ಸ್‌ಫರ್ ಕೇಸಿನಲ್ಲೋ ಅದರ ಲಿವರ್ ಅಥವಾ ಮೋಟರಿನಲ್ಲೋ ಇದೆ. ಶಾಫ್ಟ್ ಸುತ್ತುತ್ತಿದ್ದು ಎರಡೂ ಚಕ್ರ ನಿಂತಿದ್ದರೆ ತೊಂದರೆ ಹಬ್‌ನಲ್ಲಿ, ಇಲ್ಲವೇ ಅಚ್ಚನ್ನು ಕೂಡಿಸುವ ಕಡೆ.

ನಮಗೆ ಇದನ್ನು ತೋರಿಸಿಕೊಟ್ಟವರು ಹಿಂದೆ ಬಂದ ಪಿಕಪ್‌ನ ಚಾಲಕರು, ಆ ಕಣಿವೆಯವರೇ. ಶಾಫ್ಟ್ ಸುತ್ತುವುದನ್ನು ನೋಡಿದವರೇ ನೇರವಾಗಿ ಬಾನೆಟ್ ತೆಗೆಸಿದರು. ನನ್ನ ಗಾಡಿಯಲ್ಲಿ ಮುಂದಿನ ಅಚ್ಚು ಕೂಡಿಕೊಳ್ಳುವುದು ಎಂಜಿನ್ನಿನ ವ್ಯಾಕ್ಯೂಮಿನಿಂದ. ಅದಕ್ಕೊಂದು ಸಣ್ಣ ರಬ್ಬರ್ ಪೈಪ್. ಚಳಿಗೆ ಅದು ಮರದ ಕಡ್ಡಿಯಷ್ಟು ಗಟ್ಟಿಯಾಗಿ, ತುದಿ ಸೀಳಿ, ಕಳಚಿಕೊಂಡಿತ್ತು. ಅವರು ಸೀಳಿದ ತುದಿಯನ್ನು ಚಾಕುವಿನಿಂದ ಒಂದು ಸೆಂಟಿಮೀಟರ್ ಕತ್ತರಿಸಿದರು. ಪೈಪನ್ನು ಅಂಗೈಯಲ್ಲಿ ಹಿಡಿದು ಬಿಸಿ ಮಾಡಿ ಮತ್ತೆ ಸಿಕ್ಕಿಸಿದರು. ದೀಪ ಮಿಟುಕುವುದು ನಿಂತು ಸ್ಥಿರವಾಯಿತು. ಹೊರಡುವ ಮುಂಚೆ ಸರ್ವಿಸ್ ಮಾಡಿಸಿದ್ದೆ, ಆದರೆ ಆ ಪೈಪನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಈಗ ನಾನೇ ನೋಡುತ್ತೇನೆ. ಬೆಂಗಳೂರಿನಿಂದ ಹೊರಡುವ ವಾರದ ಮುಂಚೆ ಮಣ್ಣಿನ ಜಾಗದಲ್ಲಿ 4ಎಚ್ ಹಾಕಿ, ಮುಂದಿನ ಚಕ್ರ ಎಳೆಯುತ್ತಿದೆಯೇ ಎಂದು ಒಮ್ಮೆ ಖಚಿತ ಮಾಡಿಕೊಳ್ಳುತ್ತೇನೆ. ನೀವೂ ಮಾಡಿ.

ಮುಂದೆ ಒಂದು, ಹಿಂದೆ ಒಂದು ಸುತ್ತುತ್ತಿವೆ

ಇದನ್ನು ನೋಡಿ ಜಾಸ್ತಿ ಜನ ಫೋರ್ ವೀಲ್ ಡ್ರೈವ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಅಚ್ಚಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಸಾಮಾನ್ಯ ಡಿಫರೆನ್ಷಿಯಲ್ ಕೆಲಸ ಮಾಡುವುದೇ ಹಾಗೆ. ಒಂದು ಅಚ್ಚಿನ ಎರಡು ಚಕ್ರಗಳಲ್ಲಿ ಯಾವುದಕ್ಕೆ ಹಿಡಿತ ಕಡಿಮೆಯೋ ಅದು ಸುಮ್ನೆ ಸುತ್ತುತ್ತದೆ, ಇನ್ನೊಂದಕ್ಕೂ ಅಷ್ಟೇ ಕಡಿಮೆ ಬಲ ಸಿಗುತ್ತದೆ. ಹಾಗಾಗಿ ಫೋರ್ ವೀಲ್ ಡ್ರೈವ್ ಗಾಡಿಯೂ ಎರಡೇ ಚಕ್ರ ಜಾರಿದರೆ ನಿಂತುಬಿಡುತ್ತದೆ. ಎಷ್ಟೋ ಸಲ ಅವು ಎದುರು ಬದುರು ಮೂಲೆಯವೇ ಆಗಿರುತ್ತವೆ.

ಹಿಂದಿನ ಎರಡೂ ಚಕ್ರವನ್ನು ಒಟ್ಟಿಗೆ ಸುತ್ತಿಸುವ ಡಿಫರೆನ್ಷಿಯಲ್ ಲಾಕ್ ಇದ್ದರೆ ಈಗ ಹಾಕಿ. ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ ಇದ್ದರೆ, ಅದಕ್ಕೆ ಕೆಲಸ ಮಾಡಲು ಒಂದೆರಡು ಸೆಕೆಂಡ್ ಬೇಕು. ಆಕ್ಸಿಲರೇಟರನ್ನು ಬಿಟ್ಟು ಬಿಟ್ಟು ಒತ್ತಬೇಡಿ, ಒಂದೇ ಸಮನೆ ಮೆಲ್ಲಗೆ ಹಿಡಿದುಕೊಳ್ಳಿ. ಟಕ ಟಕ ಸದ್ದು ಬರುತ್ತದೆ, ಹೆದರಬೇಡಿ. ಇವೆರಡೂ ಇಲ್ಲದ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಎರಡು ಕಟಕ್ ಎಳೆದು ಮೆಲ್ಲಗೆ ಹೊರಡಿಸಿ ನೋಡಿ. ಸುಮ್ನೆ ಸುತ್ತುವ ಹಿಂದಿನ ಚಕ್ರಕ್ಕೆ ತಡೆ ಸಿಕ್ಕಿ ಇನ್ನೊಂದಕ್ಕೆ ಸ್ವಲ್ಪ ಬಲ ಹೋಗುತ್ತದೆ. ಹತ್ತಿದ ಕೂಡಲೇ ಇಳಿಸಿ.

ಗೇರ್ ವಿಷಯ. ಒಂದನೇ ಗೇರಿನಲ್ಲಿ ಬಲ ಜಾಸ್ತಿ, ಅದೇ ಇಲ್ಲಿ ತೊಂದರೆ. ಹಿಮದಲ್ಲಿ ಎರಡನೇ ಗೇರಿನಲ್ಲಿ ಹೊರಡಿ. ಜಾರುವ ಚಕ್ರದ ಮುಂದೆ ಗೋಣಿಚೀಲ, ಮರಳು, ಒಲೆಯ ಬೂದಿ, ರಸ್ತೆ ಬದಿಯ ಮಣ್ಣು ಏನು ಸಿಕ್ಕರೂ ಹಾಕಿ. ನಾನು ಈಗ ಎರಡು ಚೀಲ ಒಣ ಮರಳನ್ನು ಗಾಡಿಯಲ್ಲೇ ಇಟ್ಟುಕೊಳ್ಳುತ್ತೇನೆ.

ನಾಲ್ಕೂ ಹಗುರವಾಗಿ ಸುತ್ತುತ್ತಿವೆ, ಗಾಡಿ ಅಲ್ಲಾಡುತ್ತಿಲ್ಲ

ಹೊಟ್ಟೆ ಕೂತಿದೆ. ಹಿಮ ಗಾಡಿಯ ಕೆಳಗೆ ಒತ್ತಿಕೊಂಡು ಗಟ್ಟಿ ದಿಂಬಿನ ಹಾಗೆ ಆಗಿರುತ್ತದೆ. ಭಾರವೆಲ್ಲ ಅದರ ಮೇಲೆ, ಚಕ್ರಗಳು ಬರೀ ತೂಗಾಡುತ್ತಿರುತ್ತವೆ. ಇಲ್ಲಿ ಲಾಕ್, 4ಎಲ್, ಟಯರಿಗೆ ಸುತ್ತುವ ಚೈನ್ ಯಾವುದೂ ನಡೆಯುವುದಿಲ್ಲ. ಸಲಿಕೆಯೊಂದೇ ದಾರಿ. ಮೊದಲು ಡಿಫರೆನ್ಷಿಯಲ್ ಗುಂಡಿನ ಕೆಳಗೆ, ಆಮೇಲೆ ಛಾಸಿಯ ಕೆಳಗೆ, ಕೊನೆಗೆ ಚಕ್ರಗಳ ಮುಂದೆ ಹಿಂದೆ ತೆಗೆಯಿರಿ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು ಸುಲಭ, ಏಕೆಂದರೆ ಅಲ್ಲಿ ಹಿಮವನ್ನು ನೀವೇ ತುಳಿದು ಗಟ್ಟಿ ಮಾಡಿರುತ್ತೀರಿ. ಮುಂದಕ್ಕೇ ಹೋಗುತ್ತೇನೆ ಎಂಬ ಹಟ ಬೇಡ.

ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ಹೊಟ್ಟೆಗಿರುವ ಎತ್ತರ) 210 ಮಿ.ಮೀ., ಮೂರು ಬಾಗಿಲಿನ ಥಾರ್‌ನದು 226 ಮಿ.ಮೀ. ಅಂದರೆ ಹತ್ತಿರ ಹತ್ತಿರ ಒಂದು ಗೇಣು, ಅಷ್ಟೇ. ಪುಡಿ ಹಿಮವಾದರೆ ಇನ್ನೊಂದಿಷ್ಟು ಆಳದಲ್ಲೂ ತಳ್ಳಿಕೊಂಡು ಹೋಗಬಹುದು. ಒದ್ದೆ ಹಿಮ ಗೇಣು ದಾಟಿದರೆ ಇಳಿಯಲೇಬೇಡಿ. ಇಳಿಯುವ ಮುಂಚೆ ಒಂದು ಕೋಲಿನಿಂದ ಚುಚ್ಚಿ ಅಳೆಯಿರಿ. ಬದಿಯ ಚರಂಡಿಯನ್ನು ಹಿಮ ಸಮತಟ್ಟಾಗಿ ಮುಚ್ಚಿರುತ್ತದೆ, ಕಣ್ಣಿಗೆ ರಸ್ತೆಯ ಹಾಗೇ ಕಾಣುತ್ತದೆ.

ಆಳದ ಮೆತ್ತನೆ ಹಿಮದಲ್ಲಿ ಟಯರಿನ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿದರೆ ಟಯರ್ ಅಗಲವಾಗಿ ಹರಡಿ ಕಡಿಮೆ ಹೂಳುತ್ತದೆ. ವಾಪಸ್ ತುಂಬಲು ಪಂಪ್ ಇದ್ದರೆ ಮಾತ್ರ ಇದನ್ನು ಮಾಡಿ. ಚಳಿಗೂ ಗಾಳಿಯ ಒತ್ತಡ ಇಳಿಯುತ್ತದೆ, 10 ಡಿಗ್ರಿಗೆ ಸುಮಾರು ಒಂದೂವರೆಯಿಂದ ಎರಡು ಪಿಎಸ್‌ಐ. ಮಧ್ಯಾಹ್ನದ ಬಿಸಿಲಿನಲ್ಲಿ ಅಳೆದದ್ದನ್ನು ಬೆಳಗಿನ ಜಾವದ ಲೆಕ್ಕಕ್ಕೆ ಹಿಡಿಯಬೇಡಿ.

ಯಾವ ಚಕ್ರವೂ ಸುತ್ತುತ್ತಿಲ್ಲ

ಆಕ್ಸಿಲರೇಟರ್ ತುಳಿದರೂ ಎಂಜಿನ್ ಮಂಕಾಗಿದ್ದು, ಡ್ಯಾಷ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರ ಮಿಟುಕುತ್ತಿದ್ದರೆ ಅದು ಟ್ರ್ಯಾಕ್ಷನ್ ಕಂಟ್ರೋಲ್. ಚಕ್ರ ಜಾರಿತೆಂದು ಎಂಜಿನ್ನಿನ ಶಕ್ತಿಯನ್ನೇ ಕಡಿಮೆ ಮಾಡುತ್ತಿದೆ. ಆಳದ ಹಿಮದಿಂದ ಹೊರಬರುವವರೆಗೆ ಇದನ್ನು ನಿಲ್ಲಿಸುವ ಇಎಸ್‌ಪಿ ಆಫ್ ಗುಂಡಿ ಒತ್ತಿ. ರಸ್ತೆಗೆ ಬಂದ ಮೇಲೆ ಮರೆಯದೆ ಆನ್ ಮಾಡಿ.

ಬೆಳಿಗ್ಗೆ ಮೊದಲ ಸಲ ಹೊರಡುವಾಗ ಗಾಡಿ ಕಚ್ಚಿಕೊಂಡಿದ್ದರೆ, ಅಥವಾ ಹಿಂದಿನ ಚಕ್ರ ಸುತ್ತದೆ ಸೌದೆಯ ಹಾಗೆ ಜಾರಿಕೊಂಡು ಬರುತ್ತಿದ್ದರೆ, ಹ್ಯಾಂಡ್‌ಬ್ರೇಕ್ ಹೆಪ್ಪುಗಟ್ಟಿದೆ. ರಾತ್ರಿ ಒದ್ದೆ ಬ್ರೇಕಿನಲ್ಲಿ ಎಳೆದಿಟ್ಟರೆ ಬ್ರೇಕ್ ಶೂ ಚಕ್ರದೊಳಗಿನ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಮೆಲ್ಲಗೆ ಮುಂದೆ ಹಿಂದೆ ಆಡಿಸಿ. ಡ್ರಮ್ಮಿಗೆ ಮರದ ತುಂಡಿನಿಂದ ತಟ್ಟಿ. ಕುದಿಯುವ ನೀರು ಸುರಿಯಬೇಡಿ, ಆ ನೀರೇ ಸ್ವಲ್ಪ ಹೊತ್ತಿಗೆ ಗಡ್ಡೆಯಾಗುತ್ತದೆ. ರಾತ್ರಿ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದೇ ಸರಿ.

ಹೋಗುತ್ತಿದೆ, ಆದರೆ ಸರಿಯಿಲ್ಲ

ಹಿಮದಿಂದ ಎದ್ದು ಬಂದ ಮೇಲೆ ವೇಗ ಗಂಟೆಗೆ 40 ಕಿ.ಮೀ. ದಾಟುತ್ತಿದ್ದ ಹಾಗೆ ಸ್ಟೀರಿಂಗ್ ಗಡಗಡ ನಡುಗಿದರೆ ಅಲೈನ್‌ಮೆಂಟ್ ಹೋಯಿತೆಂದು ಗಾಬರಿಯಾಗಬೇಡಿ. ವೀಲಿನ ಒಳಬದಿಯಲ್ಲಿ ಹಿಮ ಒಂದೇ ಕಡೆ ಗಟ್ಟಿಯಾಗಿ ಕೂತಿರುತ್ತದೆ. ಕೆರೆದು ತೆಗೆದರೆ ಅಲ್ಲಿಗೆ ಮುಗಿಯಿತು. ಸ್ಟೀರಿಂಗ್ ಪೂರ್ತಿ ತಿರುಗದಿದ್ದರೆ ಮಡ್‌ಗಾರ್ಡಿನ ಒಳಗೆ ಹಿಮ ತುಂಬಿದೆ. ಪುಡಿ ಹಿಮ ಸೀಳಿಕೊಂಡು ಬಂದ ಮೇಲೆ ಎಂಜಿನ್ ಉಸಿರು ಕಟ್ಟಿದ ಹಾಗೆ ಆದರೆ ಏರ್ ಫಿಲ್ಟರ್ ತೆಗೆದು ನೋಡಿ. ಸಿಸ್ಸು 3,000 ಮೀಟರಿಗಿಂತ ಮೇಲಿದೆ, ಗಾಳಿ ಮೊದಲೇ ತೆಳು.

ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತಿದ್ದರೆ, ಇನ್ನೂ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ಸ್ವಲ್ಪ ವಾಪಸ್ ತನ್ನಿ, ಮುಂದಿನ ಟಯರಿಗೆ ಹಿಡಿತ ಮರಳಿ ಸಿಗಲಿ. ಬ್ರೇಕ್ ತುಳಿದಾಗ ಪೆಡಲ್ ಕಾಲಿನ ಕೆಳಗೆ ಗಡಗಡ ಅಂದರೆ ಅದು ಎಬಿಎಸ್ (ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕ್ ವ್ಯವಸ್ಥೆ), ಕಾಲು ತೆಗೆಯಬೇಡಿ.

ಮತ್ತೊಂದು ದೂರು ಆಗಾಗ ಕೇಳುತ್ತೇನೆ: "ಫೋರ್ ವೀಲ್ ಡ್ರೈವ್ ಹಾಕಿದ್ದೆ, ಆದರೂ ನಿಲ್ಲಲಿಲ್ಲ." ಗಾಡಿಯಲ್ಲಿ ದೋಷವಿಲ್ಲ. ಬ್ರೇಕ್ ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದು, ಅಲ್ವಾ? ಹೊರಡುವುದಕ್ಕೆ ಸಿಗುವ ಸಹಾಯ ನಿಲ್ಲುವುದಕ್ಕೆ ಸಿಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದರೆ ಒಣ ಟಾರಿನ ಮೇಲೆ ನಾಲ್ಕೂವರೆ ಮೀಟರಿನಲ್ಲಿ ನಿಲ್ಲಬಹುದು. ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು 18 ಮೀಟರ್ ಬೇಕು. ಬರೀ ಮಂಜುಗಡ್ಡೆಯ ಮೇಲೆ 35 ಮೀಟರ್. ಅದೂ ಸಮತಟ್ಟಿನಲ್ಲಿ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ.

ಈ ಗಡ್ಡೆ ಎಲ್ಲಿರುತ್ತದೆ ಎಂದು ಮೊದಲೇ ಊಹಿಸಬಹುದು. ಬಿಸಿಲು ಬೀಳದ ತಿರುವು, ಸೇತುವೆಯ ಮೇಲೆ, ಝರಿಯ ನೀರು ರಸ್ತೆ ದಾಟುವ ಕಡೆ. ಮಧ್ಯಾಹ್ನ ಕರಗಿ ಹರಿದ ನೀರು ಸಂಜೆಯ ಹೊತ್ತಿಗೆ ಗಾಜಾಗಿರುತ್ತದೆ. ಬರೀ ಒದ್ದೆ ಟಾರಿನ ಹಾಗೆ ಕಾಣುತ್ತದೆ. ಟಯರಿನ ಸದ್ದು ಇದ್ದಕ್ಕಿದ್ದ ಹಾಗೆ ನಿಂತು, ಸ್ಟೀರಿಂಗ್ ಹಗುರವಾಯಿತೋ, ನೀವು ಅದರ ಮೇಲಿದ್ದೀರಿ. ಆಗ ಏನನ್ನೂ ಜೋರಾಗಿ ಮಾಡಬೇಡಿ. ಉದ್ದದ ಇಳಿಜಾರಿದ್ದರೆ ಮೇಲೆಯೇ ನಿಲ್ಲಿಸಿ 4ಎಲ್ ಹಾಕಿ, ಎಂಜಿನ್ನಿನ ಹಿಡಿತದಲ್ಲೇ ಇಳಿಸಿ. ಆ ಹಿಡಿತಕ್ಕೇ ಚಕ್ರ ಜಾರತೊಡಗಿದರೆ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಒತ್ತಿ.

ಚೈನ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನಾಲ್ಕೂ ಚಕ್ರಕ್ಕೆ ಕೊಂಡುಕೊಳ್ಳಿ. ಒಂದೇ ಜೊತೆಯಿದ್ದರೆ ಯಾವ ಅಚ್ಚಿಗೆ ಎಂದು ಗಾಡಿಯ ಪುಸ್ತಕದಲ್ಲಿ ನೋಡಿ. ಮುಂದೆ ಮಾತ್ರ ಹಾಕಿದರೆ ಇಳಿಜಾರಿನಲ್ಲಿ ಹಿಂಭಾಗ ಬೀಸಿಕೊಂಡು ಬರಬಹುದು. ಹಿಂದೆ ಮಾತ್ರ ಹಾಕಿದರೆ ತಿರುವಿನಲ್ಲಿ ಮುಂಭಾಗ ನೇರ ಹೋಗಬಹುದು. ಹಾಕಿ ನೂರು ಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿ ಮಾಡಿ. ಮನೆಯಲ್ಲಿ ಹಾಕಿ ಅಭ್ಯಾಸವಿಲ್ಲದವರಿಗೆ ಮೈನಸ್ 10 ಡಿಗ್ರಿಯಲ್ಲಿ, ಮರಗಟ್ಟಿದ ಬೆರಳುಗಳಲ್ಲಿ ಹಾಕಲು ಬರುವುದಿಲ್ಲ.

ಎಂಜಿನ್ನೇ ಹತ್ತದಿದ್ದರೆ

ಡೀಸೆಲ್ ಗಾಡಿ ಹತ್ತಿ, ಒಂದೆರಡು ನಿಮಿಷ ಓಡಿ ಆರಿಹೋದರೆ ಡೀಸೆಲಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಂಡಿದೆ. ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲಿನಲ್ಲಿ ಈ ತೊಂದರೆ ಜಾಸ್ತಿ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ ತಂದದ್ದು ಇದಕ್ಕೇ. ಫಿಲ್ಟರಿಗೆ ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ ಕಾಯಿರಿ. ಟ್ಯಾಂಕಿನ ಕೆಳಗೆ ಬೆಂಕಿ ಮಾಡುವುದನ್ನು ಯಾರು ಹೇಳಿಕೊಟ್ಟರೂ ಕಲಿಯಬೇಡಿ.

ನಮ್ಮ ಕಡೆಯವರು ಮಾಡುವ ಇನ್ನೊಂದು ತಪ್ಪು ಕೂಲಂಟಿನದು. ಬೆಂಗಳೂರಿನಲ್ಲಿ ಕಡಿಮೆಯಾದಾಗಲೆಲ್ಲ ನಲ್ಲಿ ನೀರು ಹಾಕಿರುತ್ತೇವೆ. ಇಲ್ಲಿ ಅದು ನಡೆದುಹೋಗುತ್ತದೆ. ಅಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ರೇಡಿಯೇಟರನ್ನೋ ಎಂಜಿನ್ ಬ್ಲಾಕನ್ನೋ ಸೀಳುತ್ತದೆ. ಹೊರಡುವ ಮುಂಚೆ ಪೂರ್ತಿ ತೆಗೆಸಿ ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಹಾಕಿಸಿ. ಮೈನಸ್ 35ರ ಹತ್ತಿರದವರೆಗೆ ತಡೆಯುತ್ತದೆ. ಬ್ಯಾಟರಿ ಹಳೆಯದಿದ್ದರೆ ಇಲ್ಲೇ ಬದಲಿಸಿ.

ಲಿವರ್ 4ಎಚ್‌ನಿಂದ ವಾಪಸ್ ಬರುತ್ತಿಲ್ಲ

ಇದು ವಾಪಸ್ ಬರುವಾಗಿನ ತೊಂದರೆ. 4ಎಚ್‌ನಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಒಂದೇ ವೇಗದಲ್ಲಿ ಸುತ್ತಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಹೋಗಬೇಕಾಗುತ್ತದೆ. ಹಿಮದ ಮೇಲೆ ಟಯರ್ ಚೂರು ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರಿನ ಮೇಲೆ ಜಾರುವುದಿಲ್ಲ, ಹಾಗಾಗಿ ಶಾಫ್ಟುಗಳಲ್ಲಿ ತಿರುಚಿದ ಬಿಗಿತ ಏರುತ್ತಾ ಹೋಗಿ ಲಿವರ್ ಬಿಗಿದುಕೊಳ್ಳುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ, ಗಾಡಿಯನ್ನು ಯಾರೋ ಹಿಂದಕ್ಕೆ ಹಿಡಿದ ಹಾಗೆ ಅನಿಸುತ್ತದೆ. ಲಿವರನ್ನು ಬಲವಂತವಾಗಿ ಎಳೆಯಬೇಡಿ. ಸ್ಟೀರಿಂಗ್ ನೇರ ಮಾಡಿ ಹತ್ತು ಮೀಟರ್ ಹಿಂದಕ್ಕೆ ಹೋಗಿ. ಆ ಬಿಗಿತ ಬಿಚ್ಚಿಕೊಂಡು ಟಕ್ ಅಂತ 2ಎಚ್‌ಗೆ ಬೀಳುತ್ತದೆ.

ಅಟಲ್ ಸುರಂಗದ ಒಳಗೆ 9.02 ಕಿ.ಮೀ. ಹಿಮವಿಲ್ಲದ ರಸ್ತೆ. ಎರಡೂ ತುದಿಯಲ್ಲಿ ಹಿಮ. ಹಾಗಾಗಿ ಸಿಸ್ಸು ಕಡೆಯಿಂದ ಬರುವವರು ಸುರಂಗದ ಬಾಯಿಗೆ ಮುಂಚೆಯೇ ಜಾಗ ನೋಡಿ ನಿಲ್ಲಿಸಿ. ಚೈನ್ ಬಿಚ್ಚಿ, 2ಎಚ್‌ಗೆ ತನ್ನಿ, ಸೈಲೆನ್ಸರ್ ಪೈಪ್ ಒಮ್ಮೆ ನೋಡಿ. ಆ ಕಡೆ, ಮನಾಲಿ ಬದಿಯ ಸೋಲಂಗ್‌ಗೆ ಇಳಿಯುವ ಮುಂಚೆ ಮತ್ತೆ 4ಎಚ್ ಹಾಕಿ, ದೀಪ ಮಿಟುಕದೆ ಸ್ಥಿರವಾಗಿ ಹತ್ತುವವರೆಗೆ ಕಾಯಿರಿ.